ಪವಿ ಮೊಗ್ಗಿನ ಜಡೆ ಹಾಕಿಸಿಕೊಂಡ ಬೇಸಿಗೆ

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಸುಧಾ ಬಂದು, "ಮಿಸ್, ನಿಮಗೆ ಮೊಗ್ಗಿನ ಜಡೆ ಹಾಕೋಕೆ ಬರುತ್ತಂತೆ, ನಮ್ ಪುಟ್ಟೀಗೆ ಒಂದು ಹಾಕ್ಕೊಡ್ತೀರಾ" ಎಂದರು. ಹೊಳೆನರಸೀಪುರಕ್ಕೆ ಟೀಚರಾಗಿ ಬಂದು ಇಷ್ಟು ವರ್ಷವಾಗಿದ್ದರೂ ಆ ವಿದ್ಯೆ ನನಗಿದೆ ಎಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಮ್ಮಮ್ಮ ಊರಿಂದ ಬಂದಿದ್ದಾಗ ಜಂಬ ಕೊಚ್ಚಿಕೊಂಡು ಹೋಗಿರಬೇಕು. ಬರುವುದಿಲ್ಲ ಎಂದು ಹೇಳಿ ಸಾಗಹಾಕೋಣ ಅಂದುಕೊಳ್ಳುವಷ್ಟರಲ್ಲಿ ಸುಧಾ ಕೈಯಲ್ಲಿದ್ದ ಒದ್ದೆ ಬಟ್ಟೆಯ ಗಂಟು ಬಿಚ್ಚಿಬಿಟ್ಟರು. ಒಳಗೆ ಮಲ್ಲಿಗೆಯ ಮೊಗ್ಗು. ಅರಳಿದ ಮಲ್ಲಿಗೆಯ ಘಮ ಎಲ್ಲರಿಗೂ ಗೊತ್ತು. ಅರಳದ ಮೊಗ್ಗಿಗೆ ಬೇರೆಯೇ ಒಂದು ವಾಸನೆಯಿದೆ, ಹಸಿಹಸಿ, ಎಳೆ ಸೌತೆಕಾಯಿ ಸೀಳಿದಾಗ ಬರುವಂಥದ್ದು. ಅದು ಮೂಗಿಗೆ ಬಡಿದದ್ದೇ ತಡ, ನಾನು ಹೊಳೆನರಸೀಪುರದಲ್ಲಿ ಇರಲಿಲ್ಲ.

"ಬೇಗ ಹಾಕ್ಬಿಡಿ ಮಿಸ್, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ಬೇಕು, ಅವರಜ್ಜಿ ಕಾಯ್ತಾ ಇದಾರೆ" ಎಂದರು ಸುಧಾ. ನಾನು ಸಿಡುಕಿಯೇ. "ಅಜ್ಜಿಗೆ ಬೇಕಿದ್ರೆ ಬಸ್ ಹತ್ಕೊಂಡು ಬಂದು ನೋಡ್ಲಿ" ಎಂದುಬಿಟ್ಟೆ. ಆಕೆ ತಮಾಷೆ ಎಂದುಕೊಂಡು ನಕ್ಕರು. ನಾನು ಪುಟ್ಟಿಯನ್ನು ಮಣೆಯ ಮೇಲೆ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಿದೆ. ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು.

ಎರಡು ಸಾವಿರದ ಎಂಟನೆಯ ಇಸವಿ. ನಾನೂ ಪವಿತ್ರಳೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ್ದ ಬೇಸಿಗೆ. ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಹಿಟ್ಟಿನ ಗಿರಣಿ ಮಾತ್ರ. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು. ಅವಳಪ್ಪ ಶಿವಣ್ಣನವರು ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಪವಿಗೆ ತಾಯಿ ಇರಲಿಲ್ಲ. ಅವಳು ಅಂಬೆಗಾಲಿಡುವಾಗಲೇ ಹೋಗಿಬಿಟ್ಟಿದ್ದರು. ಅಜ್ಜಿ ಸಾಕಿದ್ದು. ಅಜ್ಜಿಗೆ ಬೆರಳಿನ ಗೆಣ್ಣುಗಳೆಲ್ಲ ಬಿಗಿದುಕೊಂಡಿದ್ದರಿಂದ ಮೊಮ್ಮಗಳ ತಲೆ ಬಾಚಲು ಆಗುತ್ತಿರಲಿಲ್ಲ. ಹಾಗಾಗಿ ಹೈಸ್ಕೂಲು ಮುಗಿಯುವವರೆಗೂ ದಿನಾ ಬೆಳಿಗ್ಗೆ ಪವಿ ಬಾಚಣಿಗೆ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದಳು, ನಾನು ಅವಳಿಗೆ ಜಡೆ ಹಾಕುತ್ತಿದ್ದೆ.

ಆ ಕೂದಲನ್ನು ಏನೆಂದು ಹೇಳಲಿ. ಸೊಂಟ ದಾಟಿ ಇಳಿಯುತ್ತಿತ್ತು, ಒಂದು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ನಾನು ಜಡೆ ಹಾಕುತ್ತಿದ್ದರೆ ಅವಳು ಸುಮ್ಮನೆ ಕೂರುವವಳಲ್ಲ. ಹಿಂದಿನ ದಿನ ಸ್ಕೂಲಿನಲ್ಲಿ ಯಾವ ಮೇಷ್ಟ್ರು ಹೇಗೆ ಕೆಮ್ಮಿದರು, ಯಾರು ಹೇಗೆ ಸೀನಿದರು ಎಂದು ಮಾಡಿ ತೋರಿಸುತ್ತಿದ್ದಳು. ನಮ್ಮಪ್ಪನ ಕೆಮ್ಮನ್ನೂ ಬಿಡುತ್ತಿರಲಿಲ್ಲ. ಒಳಗಿದ್ದ ನಮ್ಮಪ್ಪನಿಗೂ ಅದು ಕೇಳಿಸಿ ಅವರು ಕೆಮ್ಮನ್ನು ತಡೆದುಕೊಳ್ಳುವ ಹಾಗಾಗಿತ್ತು. ನಗುವಾಗ ಅವಳ ತಲೆ ಅಲ್ಲಾಡಿ ಜಡೆ ಕೈಯಿಂದ ಜಾರಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ನಾನು ಬಾಚಣಿಗೆಯಿಂದ ಅವಳ ಬೆನ್ನಿಗೆ ಒಂದು ಬಿಡುತ್ತಿದ್ದೆ.

ಇಬ್ಬರೂ ಹಾಸನದ ಕಾಲೇಜಿಗೆ ಸೇರುವುದೆಂದು ಆಗಲೇ ಗಟ್ಟಿಯಾಗಿತ್ತು. ಸೈನ್ಸು. ದಿನಾ ಹೈವೇ ಬಸ್ಸಿನಲ್ಲಿ ಹೋಗಿ ಬರುವುದು. ಕಿಟಕಿ ಪಕ್ಕದ ಸೀಟು ಹೋಗುವಾಗ ಅವಳಿಗೆ, ಬರುವಾಗ ನನಗೆ ಎನ್ನುವವರೆಗೆ ಮಾತುಕತೆ ಮುಗಿದಿತ್ತು. ನನಗೆ ಆ ವಯಸ್ಸಿನಲ್ಲಿ ಭವಿಷ್ಯ ಅಂದರೆ ಆ ಬಸ್ಸೇ. ಪವಿ ಇಲ್ಲದೆ ಅದನ್ನು ಹತ್ತುವುದು ನನ್ನ ಕಲ್ಪನೆಯಲ್ಲೇ ಇರಲಿಲ್ಲ.

ಪರೀಕ್ಷೆ ಮುಗಿದ ವಾರ ಮೊಗ್ಗು ಅಗ್ಗವಾಗಿತ್ತು. ನಮ್ಮ ಕಡೆ ಹೆಣ್ಣುಮಕ್ಕಳಿರುವ ಮನೆಯಲ್ಲಿ ಬೇಸಿಗೆಗೊಂದು ಮೊಗ್ಗಿನ ಜಡೆ, ಸ್ಟುಡಿಯೋದಲ್ಲಿ ಒಂದು ಫೋಟೋ ಆಗಲೇಬೇಕು. ಪವಿಗೆ ಅದುವರೆಗೆ ಒಂದೂ ಆಗಿರಲಿಲ್ಲ. ಅಮ್ಮನಿಲ್ಲದ ಮನೆಯಲ್ಲಿ ಯಾರಿಗೆ ನೆನಪಾಗಬೇಕು. ನಮ್ಮಮ್ಮನೇ ಈ ವರ್ಷ ಮಾಡೋಣ ಎಂದರು. ಮಧ್ಯಾಹ್ನ ಪೂರ್ತಿ ಅಮ್ಮನೂ ನಾನೂ ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದೆವು, ನಡುನಡುವೆ ಕನಕಾಂಬರ, ಅಂಚಿಗೆ ಮರುಗ. ಭಾರಕ್ಕೆ ಪವಿಯ ಕತ್ತು ಹಿಂದಕ್ಕೆ ಎಳೆಯುತ್ತಿತ್ತು. "ಶೈಲು, ಇದು ಜಡೆಯಲ್ಲ ಕಣೆ, ಕಾಯಿ ಮೂಟೆ. ಅಪ್ಪನ ಮಂಡಿ ಹಮಾಲಿಗಳ ಕಷ್ಟ ಈಗ ಗೊತ್ತಾಯ್ತು" ಎಂದಳು. ಮೊಗ್ಗು ಅರಳುವ ಮೊದಲೇ ಫೋಟೋ ಆಗಬೇಕು. ಶಿವಣ್ಣನವರು ಮಂಡಿ ಬಿಟ್ಟು ಆಟೋ ತಂದರು. ಸ್ಟುಡಿಯೋದ ನಾಗರಾಜಣ್ಣ ಅವಳ ಹಿಂದೆ ದೊಡ್ಡ ಕನ್ನಡಿ ನಿಲ್ಲಿಸಿ, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವ ಹಾಗೆ ತೆಗೆದರು. ನಗಬಾರದು ಎಂದು ಹೇಳಿದ್ದಕ್ಕೇ ಅವಳಿಗೆ ನಗು ಬಂದುಬಿಟ್ಟಿತು. ಆ ನಗುವೇ ಫೋಟೋದಲ್ಲಿ ಬಿತ್ತು.

ಫೋಟೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಾಗರಾಜಣ್ಣ ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನಮ್ಮೂರಲ್ಲಿ ಅದು ಸಣ್ಣ ಗೌರವವಲ್ಲ. ಮದುವೆಯಾದ ಜೋಡಿಗಳು, ರ‍್ಯಾಂಕು ಬಂದ ಹುಡುಗರು ಇರುವ ಪೆಟ್ಟಿಗೆ ಅದು. ಶಿವಣ್ಣನವರು ದಿನಾ ಸಂಜೆ ಮಂಡಿಯಿಂದ ಮನೆಗೆ ಹೋಗಲು ಬಳಸು ದಾರಿ ಹಿಡಿಯತೊಡಗಿದರು.

ಯಾರೋ ಒಬ್ಬ ಆ ಗಾಜಿನ ಹೊರಗೆ ನಿಂತು ಮೊಬೈಲಿನಲ್ಲಿ ಫೋಟೋದ ಫೋಟೋ ಹೊಡೆದುಕೊಂಡು ಹೋದ. ಆಗ ಕ್ಯಾಮೆರಾ ಇರುವ ಮೊಬೈಲು ಬಂದು ಸ್ವಲ್ಪ ಕಾಲವಾಗಿತ್ತು. ಹುಡುಗರೆಲ್ಲ ಸೈಬರ್ ಸೆಂಟರಿಗೆ ಹೋಗಿ ಹೆಸರು, ಫೋಟೋ ಹಾಕಿ ಗೆಳೆಯರನ್ನು ಸೇರಿಸಿಕೊಳ್ಳುವ ಸೈಟೊಂದರ ಹುಚ್ಚಿಗೆ ಬಿದ್ದಿದ್ದರು. ಅದರಲ್ಲಿ ಪವಿಯ ಹೆಸರಿನಲ್ಲಿ ಒಂದು ಖಾತೆ ಹುಟ್ಟಿತು. ನಾವಿಬ್ಬರೂ ಅಲ್ಲಿಯವರೆಗೆ ಕಂಪ್ಯೂಟರು ಮುಟ್ಟಿದ್ದು ಸ್ಕೂಲಿನ ಲ್ಯಾಬಿನಲ್ಲಿ ಮಾತ್ರ, ಅದೂ ಮೇಷ್ಟ್ರು ಚಪ್ಪಲಿ ಬಿಚ್ಚಿಸಿ ಒಳಗೆ ಬಿಟ್ಟಾಗ.

ಸುದ್ದಿ ಮೊದಲು ಮುಟ್ಟಿದ್ದು ಶಿವಣ್ಣನವರಿಗೆ. ಮಂಡಿಗೆ ಬಂದ ಯಾರೋ, "ಅಣ್ಣ, ನಿಮ್ ಮಗಳ ಫೋಟೋ ಕಂಪ್ಯೂಟ್ರಲ್ಲಿ ಬಂದದೆ" ಎಂದಿದ್ದ. ಹೇಗೆ ಬಂದಿದೆ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಇವರಿಗೆ ಹೊಳೆದದ್ದು ಒಂದೇ: ನಾಗರಾಜಣ್ಣನ ಪೆಟ್ಟಿಗೆಗಿಂತ ದೊಡ್ಡ ಪೆಟ್ಟಿಗೆಯೊಂದರಲ್ಲಿ ಮಗಳನ್ನು ಇಟ್ಟಿದ್ದಾರೆ. ಬಿಳಿ ಶರ್ಟು ಹಾಕಿಕೊಂಡು ನಮ್ಮ ಮನೆಗೇ ಬಂದರು.

"ಮೇಷ್ಟ್ರ ಮಗಳೇ, ಬಾರವ್ವ. ನಮ್ ಪವಿ ಫೋಟೋ ಕಂಪ್ಯೂಟ್ರಲ್ಲಿ ಬಂದದಂತೆ. ನೋಡ್ಕಂಡ್ ಬರಾನ. ನಂಗೆ ಇಂಗ್ಲೀಸು ಗೊತ್ತಾಗಕ್ಕಿಲ್ಲ."

ಅಜ್ಜಿಯೂ ರೇಷ್ಮೆ ಸೀರೆ ಉಟ್ಟು ಹೊರಟಿದ್ದರು. ಶಿವಣ್ಣನವರು, ಅಜ್ಜಿ, ಪವಿ, ನಾನು, ಮಂಡಿಯ ಗೆಳೆಯರೊಬ್ಬರು. ಇಷ್ಟು ಜನ ಸೈಬರ್ ಸೆಂಟರಿನ ಒಂದು ಪ್ಲೈವುಡ್ ಗೂಡಿನೊಳಗೆ ತುರುಕಿಕೊಂಡೆವು. ಅಲ್ಲಿದ್ದವನು ಏನೋ ಒತ್ತಿ ತೆರೆದುಕೊಟ್ಟು ನಮ್ಮ ಮುಖ ನೋಡದೆ ಹೊರಗೆ ಹೋಗಿಬಿಟ್ಟ. ಪರದೆಯ ಮೇಲೆ ಪವಿ ನಗುತ್ತಿದ್ದಳು. ಗಾಜಿನ ಮೇಲೆ ಬಿದ್ದ ಬೆಳಕು ಫೋಟೋದ ಒಂದು ಮೂಲೆಯಲ್ಲಿ ಬಿಳಿ ಚುಕ್ಕೆಯಾಗಿ ಉಳಿದಿತ್ತು.

ಅಜ್ಜಿ ಎರಡು ಕೈಯಿಂದ ಪರದೆಯನ್ನು ಸವರಿ ತಮ್ಮ ಕಣತಲೆಗೆ ಒತ್ತಿ ದೃಷ್ಟಿ ತೆಗೆಯಲು ನೆಟಿಗೆ ಮುರಿಯಹೋದರು. ಬಿಗಿದ ಬೆರಳುಗಳಿಗೆ ನೆಟಿಗೆ ಎಲ್ಲಿ ಬರಬೇಕು, ಆದರೂ ಒತ್ತಿದರು. "ನನ್ ಕಣ್ಣೇ ತಾಕ್ಬುಟ್ಟಾತು ಕೂಸ್ಗೆ" ಎಂದರು. ಆಮೇಲೆ ಕೆಳಗಿನ ಸಾಲುಗಳನ್ನು ತೋರಿಸಿ, "ಅದೇನೋ ಬರ್ದವ್ರಲ್ಲ, ಒಸಿ ಓದ್ ಯೋಳಮ್ಮಿ" ಎಂದು ನನ್ನ ಕಡೆ ತಿರುಗಿದರು.

ನಾನು ಓದತೊಡಗಿದ್ದೆ, ಮನಸ್ಸಿನಲ್ಲೇ. ಕನ್ನಡದ ಮಾತುಗಳೇ, ಇಂಗ್ಲಿಷ್ ಅಕ್ಷರದಲ್ಲಿ. ಅವನ್ನು ಇಲ್ಲಿ ಬರೆಯಲು ಈಗಲೂ ಕೈ ಬರುವುದಿಲ್ಲ. ಜಡೆಯನ್ನು ಹಿಡಿದು ಏನು ಮಾಡಬೇಕೆಂದು ಒಬ್ಬ ಬರೆದಿದ್ದರೆ ಇನ್ನೊಬ್ಬ ಅದಕ್ಕಿಂತ ಮುಂದೆ ಹೋಗಿದ್ದ. ಪವಿಯ ಹೆಸರಿನಲ್ಲಿದ್ದ ಆ ಖಾತೆ ಅವರಿಗೆಲ್ಲ ನಗುನಗುತ್ತ ಉತ್ತರವನ್ನೂ ಕೊಟ್ಟಿತ್ತು. ಆಗ ನನ್ನ ಭುಜದ ಹಿಂದಿನಿಂದ ಪವಿಯ ದನಿ ಬಂತು.

"ಎಲ್ಲ ಚೆನ್ನಾಗದೆ ಅಂತ್ಲೇ ಬರ್ದವ್ರೆ ಕಣಜ್ಜಿ. ಇವ್ನು ಜಡೆ ಯಾರು ಹಾಕಿದ್ದು ಅಂತ ಕೇಳವ್ನೆ. ಇವ್ನು ಯಾವೂರು ಅಂತ ಕೇಳವ್ನೆ."

"ಬರಿ ಮತ್ತೆ, ಚನ್ನರಾಯಪಟ್ನ ಅಂತ" ಎಂದರು ಶಿವಣ್ಣನವರು. "ಊರ ಎಸ್ರೂ ಬರ್ಲಿ."

ಅವಳು ಇನ್ನೂ ನಾಲ್ಕಾರು ಸಾಲು ಹಾಗೆಯೇ ಓದಿದಳು. ಇಲ್ಲದ ಮಾತುಗಳನ್ನು, ಇದ್ದಷ್ಟೇ ಉದ್ದಕ್ಕೆ, ಬೆರಳನ್ನು ಪ್ರತಿ ಸಾಲಿನ ಕೆಳಗೆ ಇಟ್ಟುಕೊಂಡು. ಮೇಷ್ಟ್ರುಗಳ ಕೆಮ್ಮನ್ನು ಅಣಕಿಸುತ್ತಿದ್ದ ಅದೇ ಬಾಯಿ. ಅಜ್ಜಿ ಒಂದೊಂದಕ್ಕೂ ತಲೆಯಾಡಿಸಿದರು.

ವಾಪಸು ಬರುವಾಗ ಹಿರಿಯರು ಮುಂದೆ ಹೋದರು. ಕೆರೆ ಏರಿಯ ಹತ್ತಿರ ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. "ಅಪ್ಪಂಗೆ ಹೇಳ್ಬಿಡು ಪವಿ" ಎಂದೆ.

"ಏನಂತ ಯೋಳ್ಲಿ? ಬಾಯಲ್ಲಿ ಯೋಳೋ ಅಂಥದ್ದಾ ಅದು? ಅವ್ರು ಎಷ್ಟು ಖುಷಿಯಾಗವ್ರೆ ನೋಡ್ದಾ? ತಾನೇ ಬತ್ತದೆ, ತಾನೇ ಓಯ್ತದೆ ಬುಡು."

ತಾನೇ ಹೋಗುವಂಥದ್ದಾಗಿರಲಿಲ್ಲ. ಶಿವಣ್ಣನವರು ಮಂಡಿಗೆ ಬಂದವರಿಗೆಲ್ಲ ಹೇಳಿದರು. ಲಾರಿಯವರಿಗೆ, ದಲ್ಲಾಳಿಗಳಿಗೆ, ಬಾಗೂರಿನಿಂದ ಕೊಬ್ಬರಿ ತಂದ ರೈತರಿಗೆ. ಮಕ್ಕಳು ಓದಿದವರಿದ್ದರೆ ಕರೆದುಕೊಂಡು ಹೋಗಿ ನೋಡಿ ಎಂದು ಸೈಬರ್ ಸೆಂಟರಿನ ಗುರುತು ಹೇಳಿ ಕಳಿಸಿದರು. ಅಪ್ಪನೇ ನಿಂತು ಮಗಳನ್ನು ಊರಿಗೆಲ್ಲ ತೋರಿಸಿದ ಹಾಗಾಯಿತು. ನೋಡಿ ಬಂದವರಲ್ಲಿ ಓದಲು ಬರುತ್ತಿದ್ದವರು ಅವರ ಕಣ್ಣು ತಪ್ಪಿಸಿ, "ಚೆನ್ನಾಗದೆ ಸಿವಣ್ಣ" ಎಂದು ಹೊರಟುಹೋಗುತ್ತಿದ್ದರು. ಒಬ್ಬರಾದರೂ ಕರೆದು ಕೂರಿಸಿ ವಿಷಯ ಹೀಗೆ ಎನ್ನಬಾರದಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನಮ್ಮೂರಿನ ಜನ ಕಾಯಿ ದರ ಅರ್ಧಾಣೆ ಇಳಿದರೂ ಬೀದಿಯಲ್ಲಿ ನಿಂತು ಕೂಗುವವರು. ಇದಕ್ಕೆ ಮಾತ್ರ ಎಲ್ಲರಿಗೂ ಗಂಟಲು ಕಟ್ಟಿತ್ತು.

ಬೀದಿಯಲ್ಲಿ ಬೈಕುಗಳು ತಿರುಗತೊಡಗಿದವು. ಗಿರಣಿಯ ಹತ್ತಿರ ನಿಧಾನ ಮಾಡಿ "ಜಡೇ" ಎಂದು ರಾಗ ಎಳೆದು ಹೋಗುವುದು. ಹುಡುಗರ ಮೊಬೈಲಿನಿಂದ ಮೊಬೈಲಿಗೆ ಫೋಟೋ ಹಾರಿತು. ನಮ್ಮ ಕ್ಲಾಸಿನ ಹುಡುಗಿಯರು ಅವಳೇ ಹಾಕಿಕೊಂಡಿದ್ದಾಳಂತೆ ಎಂದರು. ಪವಿ ಜಡೆಯನ್ನು ಮಡಚಿ ತುರುಬು ಕಟ್ಟಿ ಸೆರಗಿನ ಹಾಗೆ ವೇಲು ಹೊದ್ದುಕೊಂಡು ನಲ್ಲಿಗೆ ಬರುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ಇರುತ್ತಿತ್ತು. ಬೆಳಿಗ್ಗೆ ಬಾಚಣಿಗೆ ಹಿಡಿದು ಬರುವುದನ್ನು ಅವಳು ನಿಲ್ಲಿಸಿದಳು. ನಾನು ಹೊತ್ತಿಗೆ ಸರಿಯಾಗಿ ಜಗಲಿಯ ಮೇಲೆ ಕೂತು ಕಾಯುತ್ತಿದ್ದೆ, ಆಮೇಲೆ ಎದ್ದು ಒಳಗೆ ಹೋಗುತ್ತಿದ್ದೆ.

ಒಂದು ಸಂಜೆ ಶಿವಣ್ಣನವರು ಬಳಸು ದಾರಿಯಲ್ಲಿ ಬಂದಾಗ ಗಾಜಿನ ಪೆಟ್ಟಿಗೆಯಲ್ಲಿ ಮಗಳಿರಲಿಲ್ಲ. ನಾಗರಾಜಣ್ಣ ತೆಗೆದು ಒಳಗಿಟ್ಟಿದ್ದರು. ಇವರಿಗೆ ಅವಮಾನವಾಯಿತು. "ಯಾಕ್ಲಾ ನಾಗ್ರಾಜ, ನನ್ ಮಗಳು ನಿಂಗೇನ್ ಮಾಡವ್ಳೆ" ಎಂದು ಅಂಗಡಿಯ ಮುಂದೆ ಜಗಳಕ್ಕೇ ನಿಂತರು. ನಾಗರಾಜಣ್ಣ ಮೊದಲು ಬಣ್ಣ ಹೋಗಿತ್ತು ಎಂದರು, ಆಮೇಲೆ ಜಾಗ ಇರಲಿಲ್ಲ ಎಂದರು. ಕೊನೆಗೆ ಶಟರು ಅರ್ಧ ಎಳೆದು, ಒಳಗೆ ಕೂರಿಸಿಕೊಂಡು, ತಲೆ ಬಗ್ಗಿಸಿ ಎಲ್ಲವನ್ನೂ ಹೇಳಿದರಂತೆ.

ಅವತ್ತು ಶಿವಣ್ಣನವರು ಹೊಡೆಯಲಿಲ್ಲ, ಬೈಯಲಿಲ್ಲ. ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು ನಮ್ಮಪ್ಪನಿಗೆ, "ಮೇಷ್ಟ್ರೇ, ನಾನೇ ಕೈಯಾರ ಕರ್ಕಂಡೋಗಿ ತೋರ್ಸುದ್ನಲ್ಲ ಸಾ" ಎಂದರು. ಅಷ್ಟು ಹೇಳಿ ಹೊರಟುಹೋದರು. ಸ್ಟುಡಿಯೋದಿಂದ ತಂದ ಫೋಟೋವನ್ನು ಹಿತ್ತಲಿನ ನೀರೊಲೆಗೆ ಹಾಕಿದರು. ಮನೆಯಲ್ಲಿದ್ದ ಚಿಕ್ಕ ಪ್ರತಿಯೂ ಅದರ ಹಿಂದೆಯೇ ಹೋಯಿತು. ಸೈಬರ್ ಸೆಂಟರಿನವನು ಏನೇನೋ ಒತ್ತಿ ದೂರು ಕೊಟ್ಟ ಮೇಲೆ ಆ ಖಾತೆ ಮಾಯವಾಯಿತು, ಕೆಲವೇ ದಿನದಲ್ಲಿ ಅದೇ ಫೋಟೋ ಹಾಕಿದ ಇನ್ನೊಂದು ಬಂತು. ಮಾಡಿದವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದ ನಮಗೆ ಊರಿನ ಪ್ರತಿಯೊಬ್ಬ ಹುಡುಗನೂ ಅವನೇ ಆಗಿಬಿಟ್ಟ.

ಫಲಿತಾಂಶ ಬಂತು. ಇಬ್ಬರೂ ಫಸ್ಟ್ ಕ್ಲಾಸು, ಅವಳದು ನನಗಿಂತ ಹೆಚ್ಚು. ಯಾರೂ ಸಿಹಿ ಹಂಚಲಿಲ್ಲ. ಪವಿಯನ್ನು ಬಾಗೂರಿನ ಅತ್ತೆಯ ಮನೆಗೆ ಕಳಿಸಿದ್ದರು. ಕಾಲೇಜು ಬೇಡ ಎಂದಾಗಿತ್ತು. ನಮ್ಮಪ್ಪ ಮಂಡಿಗೆ ಹೋಗಿ ಬುದ್ಧಿ ಹೇಳಿ ನೋಡಿದರು.

"ಅವಳು ತೆಪ್ಪು ಮಾಡವ್ಳೆ ಅಂತ ನಾನು ಅಂತಿಲ್ಲ ಮೇಷ್ಟ್ರೇ" ಎಂದರಂತೆ ಶಿವಣ್ಣನವರು. "ದಿನಾ ಬಸ್ಸಲ್ಲಿ ಓಯ್ತಾಳೆ. ಯಾವನಾರ ಗುರ್ತು ಇಡ್ದು ಏನಾರ ಅಂದ್ರೆ ಇಲ್ಲಿ ಮಂಡೀಲಿ ಕುಂತಿರೋ ನಾನು ಏನ್ ಮಾಡ್ಲಿ? ಆ ಜಡೆ ನೋಡುದ್ರೆ ಯಾರ್ಗೂ ಗೊತ್ತಾಯ್ತದೆ."

ಅಪ್ಪ ಮನೆಗೆ ಬಂದು ನನಗೊಬ್ಬಳಿಗೇ ಅರ್ಜಿ ತುಂಬಿಸಿದರು. ನಾನು ಹಟ ಹಿಡಿದು ಅಮ್ಮನೊಂದಿಗೆ ಬಾಗೂರಿಗೆ ಹೋದೆ. ಪವಿ ಹಟ್ಟಿಯ ಮುಂದೆ ಕೂತು ಎಮ್ಮೆ ಕರುವಿನ ಕಿವಿಯಿಂದ ಉಣ್ಣಿ ಕೀಳುತ್ತಿದ್ದಳು. ತಲೆ ಬಾಚಿ ಎಷ್ಟೋ ದಿನವಾಗಿತ್ತು. ಕೂದಲು ಸಿಕ್ಕುಗಟ್ಟಿ ಬೆನ್ನಿನ ಮೇಲೆ ಒಂದೇ ಗಂಟಾಗಿ ಬಿದ್ದಿತ್ತು. "ಬಾ, ಬಿಡಿಸ್ತೀನಿ" ಎಂದೆ. "ಬ್ಯಾಡ" ಎಂದಳು. ಕಾಲೇಜಿಗೆ ಸೇರಲು ಇನ್ನೆಷ್ಟು ದಿನವಿದೆ ಎಂದು ಮಾತ್ರ ಕೇಳಿದಳು. ತನ್ನಪ್ಪ ಮಂಡಿಯಲ್ಲಿ ಏನೆಂದರು ಎಂಬುದನ್ನೂ ನನ್ನಿಂದ ಅಕ್ಷರ ಬಿಡದೆ ಹೇಳಿಸಿಕೊಂಡಳು. ಕೇಳಿ ಮುಗಿದ ಮೇಲೆ ಮತ್ತೆ ಕರುವಿನ ಕಿವಿಗೆ ಕೈ ಹಾಕಿದಳು.

ಅಜ್ಜಿಯ ಲೆಕ್ಕಾಚಾರವೇ ಬೇರೆಯಿತ್ತು. ಅಷ್ಟೊಂದು ಜನದ ಕಣ್ಣು ಒಂದೇ ಮಗುವಿನ ಮೇಲೆ ಬಿದ್ದಿದೆ, ನೆಟಿಗೆ ಮುರಿದರೆ ಸಾಲದು ಎಂದು ಮನೆದೇವರಿಗೆ ಹೂಮುಡಿ ಕೊಡಿಸುವುದಾಗಿ ಹರಕೆ ಹೊತ್ತರು. ಹೂಮುಡಿ ಅಂದರೆ ಹೆಣ್ಣುಮಕ್ಕಳ ಕೂದಲ ತುದಿಯಿಂದ ಮೂರು ಎಳೆ ಕತ್ತರಿಸಿ ದೇವರಿಗೆ ಒಪ್ಪಿಸುವುದು, ಅಷ್ಟೇ. ಅವರ ಮನೆದೇವರು ಇದ್ದದ್ದು ಹೊಳೆನರಸೀಪುರದಿಂದ ಆಚೆ, ಹೇಮಾವತಿ ಹೊಳೆಯ ದಡದಲ್ಲಿ. ಜೊತೆಗೆ ನನ್ನನ್ನೂ ಕರೆದರು. ಮುಂಗಾರು ಇನ್ನೂ ಹಿಡಿದಿರಲಿಲ್ಲ. ಮೋಡ ಕಟ್ಟಿಕೊಂಡು ಸೆಕೆ ಕುದಿಯುತ್ತಿತ್ತು. ಹೊಳೆಯಲ್ಲಿ ನೀರು ಕಡಿಮೆಯಾಗಿ ಬಂಡೆಗಳೆಲ್ಲ ಎದ್ದಿದ್ದವು.

ಪವಿ ಹೊಳೆಯಲ್ಲಿ ಮುಳುಗಿ ಬಂದು ಮುಡಿ ತೆಗೆಯುವವರ ಮುಂದೆ ಕಲ್ಲಿನ ಮೇಲೆ ಕೂತಳು. ಅವರು ಕತ್ತರಿ ತೆಗೆದುಕೊಂಡರು.

"ಪೂರಾ ತಗೀರಿ" ಎಂದಳು ಪವಿ.

ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಅಜ್ಜಿಯ ಮುಖ ನೋಡಿದರು. "ಹೂಮುಡಿ ಕಣಯ್ಯ, ಮೂರೆಳೆ" ಎಂದರು ಅಜ್ಜಿ.

"ಅದು ನಿನ್ ಅರಕೆ ಕಣಜ್ಜಿ. ನಾನೂ ಒಂದು ಒತ್ಕಂಡಿವ್ನಿ. ತಲೆ ಪೂರಾ ಕೊಡ್ತೀನಿ ಅಂತ."

ಶಿವಣ್ಣನವರು ಕಂಬದ ಹತ್ತಿರ ನಿಂತಿದ್ದವರು ಮುಂದೆ ಬಂದರು. "ಏನಂತ ಒತ್ಕಂಡಿದ್ದೆ ಮಗ?"

"ಆಸನಕ್ಕೆ ಕಾಲೇಜ್ಗೆ ಕಳ್ಸು, ಮುಡಿ ಕೊಡ್ತೀನಿ ಅಂತ."

ಹರಕೆ ಈಡೇರಿದ ಮೇಲೆ ಮುಡಿ ಕೊಡುವುದು ಎಲ್ಲರೂ ಮಾಡುವುದು. ಇವಳು ಮೊದಲೇ ಕೊಡಲು ಕೂತಿದ್ದಳು. ದೇವರ ಸನ್ನಿಧಿಯಲ್ಲಿ, ಮಿಂದು ಒದ್ದೆ ಬಟ್ಟೆಯಲ್ಲಿ ಕೂತು ಬಾಯಿಬಿಟ್ಟು ಹೇಳಿದ ಹರಕೆಯನ್ನು ತಡೆಯಲು ಆ ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಮುಡಿ ತೆಗೆಯುವವರು ಕತ್ತರಿ ಇಟ್ಟು ಕತ್ತಿ ಎತ್ತಿಕೊಂಡರು. ಪವಿ ತಲೆ ಬಗ್ಗಿಸಿದಳು.

ಬಾಗೂರಿನಲ್ಲಿ ನನಗೆ ಬಿಡಿಸಲು ಕೊಡದಿದ್ದ ಕೂದಲು ಒದ್ದೆಯಾಗಿ ಕಲ್ಲಿನ ಮೇಲೆ ಬೀಳುತ್ತ ಹೋಯಿತು. ನನಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಅಜ್ಜಿ ನನ್ನನ್ನು ಗದರಿದರು, ದೇವರ ಕೆಲಸದಲ್ಲಿ ಅಳಬಾರದು ಎಂದು. ಅವರ ಕಣ್ಣೂ ನೆಟ್ಟಗಿರಲಿಲ್ಲ. ಪವಿ ಮಾತ್ರ ಮೊಣಕಾಲನ್ನು ಅವುಚಿಕೊಂಡು ಹೊಳೆಯ ಕಡೆ ನೋಡುತ್ತಿದ್ದಳು. ಮುಗಿದ ಮೇಲೆ ಅಜ್ಜಿ ಬೋಳುತಲೆಗೆ ಗಂಧ ಸವರಿದರು, ಸವರುತ್ತಲೇ ಮಗನಿಗೆ ಹೇಳಿದರು.

"ದ್ಯಾವ್ರು ತಕ್ಕಂಡಾಯ್ತಲ್ಲ ಸಿವಣ್ಣ. ಇನ್ನು ನೀನು ಕಳ್ಸ್ದೆ ಇದ್ರೆ ಅವನ್ಗೆ ಕೊಟ್ಟ ಮಾತ್ನ ಸುಳ್ಳು ಮಾಡ್ದಂಗೆ."

"ಕಳುಸ್ತೀನಿ ಬುಡವ್ವ" ಎಂದರು ಶಿವಣ್ಣನವರು. ಮಗಳ ತಲೆಯ ಮೇಲೆ ಕೈ ಇಡಲು ಹೋದವರು ಗಂಧ ಅಂಟುತ್ತದೆಂದೋ ಏನೋ ಹಿಂದಕ್ಕೆ ತೆಗೆದುಕೊಂಡರು.

ಆ ಹೊಳೆಯ ಪಕ್ಕದ ಊರಲ್ಲೇ ನಾನೀಗ ಪಾಠ ಹೇಳಿಕೊಂಡಿದ್ದೇನೆ. ಪವಿ ಅರಕಲಗೂಡಿನಲ್ಲಿ ದನದ ಡಾಕ್ಟರು. ಕೂದಲನ್ನು ಕಿವಿಯ ಕೆಳಗೆ ಬರಲು ಬಿಟ್ಟಿಲ್ಲ. ಕೈಯಲ್ಲಿ ಮೊಬೈಲಿದೆ, ಸುದ್ದಿ ಎಲ್ಲವೂ ಗೊತ್ತು, ಆದರೆ ನಮ್ಮ ಬ್ಯಾಚಿನ ಎಷ್ಟೇ ಫೋಟೋ ನೋಡಿದರೂ ಅದರಲ್ಲಿ ಅವಳು ಇರುವುದಿಲ್ಲ, ತೆಗೆಯುತ್ತಿರುವವಳು ಅವಳೇ. ಮದುವೆಯ ದಿನ ಫೋಟೋಗ್ರಾಫರನ್ನು ಮೊದಲ ಪಂಕ್ತಿಗೆ ಊಟಕ್ಕೆ ಕೂರಿಸಿ, ಅವನು ಪಾಯಸಕ್ಕೆ ಬರುವಷ್ಟರಲ್ಲಿ ತಾಳಿ ಕಟ್ಟಿಸಿಕೊಂಡಳು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಒಳ್ಳೆಯ ಮಾತು, ಎಣಿಸಿದ ಮಾತು. ಯಾರ ಕೆಮ್ಮನ್ನೂ ಈಗ ಅಣಕಿಸುವುದಿಲ್ಲ. ಫೋನಿಟ್ಟ ಮೇಲೆ ನನಗೆ ಪವಿಯ ನೆನಪು ಬರುತ್ತದೆ. ಕೇಳಿದವರು ನಗುತ್ತಾರೆ, ಈಗ ತಾನೇ ಅವಳ ಜೊತೆಯೇ ಮಾತಾಡಿದೆಯಲ್ಲ ಎಂದು. ಹೌದು, ಆದರೂ ಬರುತ್ತದೆ. ಬಾಚಣಿಗೆ ಹಿಡಿದು ಗಿರಣಿ ದಾಟಿ ಬರುತ್ತಿದ್ದ, ನಗಬೇಡ ಎಂದರೆ ನಗುತ್ತಿದ್ದ ಆ ಹುಡುಗಿ ನನಗೆ ಬೇಕು. ಅವಳದೊಂದು ಫೋಟೋ ಕೂಡ ನನ್ನ ಹತ್ತಿರವಿಲ್ಲ.

ಆ ವರ್ಷ ಕಾಲೇಜು ಶುರುವಾದ ದಿನ ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ. ಮಾತಾಡಿಕೊಂಡಿದ್ದ ಹಾಗೆಯೇ ಅವಳು ಕಿಟಕಿ ಪಕ್ಕ ಕೂತಳು. ತಲೆಗೆ ಬಿಗಿಯಾಗಿ ವೇಲು ಸುತ್ತಿದ್ದಳು, ಅದರ ಕೆಳಗೆ ಕೂದಲು ಆಗಷ್ಟೇ ಚುಚ್ಚುವಷ್ಟು ಬಂದಿತ್ತು. ಹಾಸನಕ್ಕೆ ಹೋಗುವ ಹುಡುಗರು ಬಸ್ಸು ತುಂಬಿಕೊಂಡರು. ನಮ್ಮ ಹಿಂದಿನ ಸೀಟಿಗೆ ಇಬ್ಬರು ಬಂದು ಕೂತರು. ಗಿರಣಿಯ ಹತ್ತಿರ ಬೈಕು ನಿಧಾನ ಮಾಡುತ್ತಿದ್ದವರಲ್ಲಿ ಇವರೂ ಇದ್ದರೆಂದು ನನಗೆ ಗುರುತು ಹತ್ತಿತು. ಅವರು ಪವಿಯನ್ನು ನೋಡಿದರು, ಜ್ವರ ಬಂದು ಎದ್ದವಳೆಂದುಕೊಂಡರೋ ಏನೋ, ಕಣ್ಣು ಮುಂದೆ ಹೋಯಿತು. ಬಸ್ಸು ಊರು ದಾಟಿದ ಮೇಲೆ ಒಬ್ಬ ಮುಂದಕ್ಕೆ ಬಾಗಿದ.

"ನೀವು ಮೇಷ್ಟ್ರ ಮಗಳಲ್ವ? ನಿಮ್ ಜೊತೇಲಿ ಇರ್ತಿದ್ಲಲ್ಲ, ಮೊಗ್ಗಿನ ಜಡೆ ಹುಡ್ಗಿ, ಅವಳು ಯಾವ್ ಕಾಲೇಜು?"

ಪವಿ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಅವನ ಮುಖವನ್ನು ನೇರವಾಗಿ ನೋಡಿದಳು.

"ಅವಳು ಸೇರ್ಲಿಲ್ಲ" ಎಂದಳು. "ಓದು ಬುಡ್ಸುದ್ರು."

"ಯಾಕೆ?"

"ಯಾರೋ ಅವಳ ಫೋಟೋ ಕೆಳಗೆ ಏನೇನೋ ಬರ್ದಿದ್ರಂತೆ. ಅವ್ರಪ್ಪ ಇನ್ನು ಆಚೆ ಬುಡಲ್ಲ ಅಂದ್ರಂತೆ."

ಹುಡುಗ ತನ್ನ ಗೆಳೆಯನ ಮುಖ ನೋಡಿದ. ಅವನು ಕಿಟಕಿಯ ಕಡೆ ತಿರುಗಿಕೊಂಡ. ಇವನು ಸೀಟಿನ ಕಂಬಿಯನ್ನು ಉಗುರಿನಿಂದ ಕೆರೆದ.

"ಪಾಪ" ಎಂದ.

ಪವಿ ಮುಂದಕ್ಕೆ ತಿರುಗಿ ಕೂತಳು. ಶಾಂತಿಗ್ರಾಮ ಬಂತು, ಹಾಲಿನ ಕ್ಯಾನುಗಳು ಇಳಿದವು, ಯಾರೋ ಹತ್ತಿದರು, ಬಸ್ಸು ಮತ್ತೆ ಹೊರಟಿತು. ಆಮೇಲೆ ಅವಳು ನನ್ನ ಕಡೆ ನೋಡದೆಯೇ ಹೇಳಿದಳು.

"ಕೇಳುಸ್ಕಂಡೇನೆ ಶೈಲು? ಇಷ್ಟು ದಿನದಲ್ಲಿ ನಂಗೆ ಪಾಪ ಅಂದೋನು ಇವನೊಬ್ನೇ ಕಣೆ."

ಅಷ್ಟು ಹೇಳಿ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. ಹಾಸನ ಬರುವವರೆಗೂ ಅತ್ತಳು.